ಗಾರ್ಮೆಂಟ್ಸಿನ ತೊಟ್ಟಿಲು

ನಾನು ಒಂದು ತೊಟ್ಟಿಲು. ಕುಣಿಗಲ್ಲಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪೈಪುಗಳನ್ನು ಬೆಸೆದು, ನೀಲಿ ಬಣ್ಣ ಬಳಿದು, ಹೂವಿನ ಬಟ್ಟೆ ಕಟ್ಟಿ ನನ್ನನ್ನು ಮಾಡಿದರು. ಯಾವುದಾದರೂ ಬಾಣಂತಿ ಕೋಣೆ ಸೇರುತ್ತೇನೆಂದು ಕಾದಿದ್ದೆ. ಕೊಂಡದ್ದು ಊರಾಚೆಯ ಗಾರ್ಮೆಂಟ್ಸ್ ಕಾರ್ಖಾನೆ.

ಮಕ್ಕಳ ಕೋಣೆ ಇರಲೇಬೇಕೆಂಬ ಕಾನೂನಿಗಾಗಿ ಅಲ್ಲೊಂದು ಕೋಣೆಯಿತ್ತು. ಗೋಡೆಯ ಮೇಲೆ ಮೊಲದ ಚಿತ್ರವಿತ್ತು. ಮಕ್ಕಳಿರಲಿಲ್ಲ. ತಪಾಸಣೆಯವರು ಬರುವ ದಿನ ಮಾತ್ರ ಆಯಾ ಬೀಗ ತೆಗೆದು ನನ್ನ ಧೂಳು ಒರೆಸುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಸಿಬ್ಬಂದಿ ವಿಭಾಗದ ವಾರಿಜಾ ನನ್ನ ಪಕ್ಕ ಮೇಜು ಹಾಕಿಕೊಂಡಳು. ರಾಜ್ಯದ ಕಾನೂನಿಗೆ ಸರಿಹೊಂದುವಂತೆ ನೌಕರರ ಕೈಪಿಡಿ ಬರೆಯುವ ಕೆಲಸ ಅವಳಿಗೆ ಬಿದ್ದಿತ್ತು. ಮಿಷನ್ನುಗಳ ಸದ್ದು ಕೇಳದ ಜಾಗ ಇದೊಂದೇ. ಹೊಲಿಯುವ ಹೆಂಗಸರಿಗೆ ತಿಳಿಯಬೇಕೆಂದು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. 'ಹಾಲುಣಿಸುವ ತಾಯಿ ಕೆಲಸದ ನಡುವೆ ಎರಡು ಸಲ ಮಗುವಿನ ಬಳಿ ಹೋಗಬಹುದು' ಎಂದು ಓದುವಾಗ ಅವಳ ಕೈ ನನ್ನನ್ನು ತೂಗುತ್ತಿತ್ತು. ತನ್ನ ಮಗಳಿಗೆ ಎದೆಹಾಲು ಬಿಡಿಸಿ, ಡಬ್ಬಿ ಹಾಲು ಹಿಡಿಸಿ ಕೆಲಸಕ್ಕೆ ಬಂದವಳು ಅವಳು.

ಮ್ಯಾನೇಜರ್ ಸೋಮಶೇಖರ ಕರಡು ಓದಿದ.

"ಏನಮ್ಮಾ, ಎಲ್ಲರೂ ಹೀಗೆ ಎದ್ದು ಹೋದರೆ ಕಾಲರ್ ಯಾರು ಹೊಲೀಬೇಕು? ನೀನು ಕೂರ್ತೀಯಾ?"

"ಕಾನೂನಿನಲ್ಲೇ ಇದೆ ಸಾರ್."

"ಇರಲಿ, ತೆಗೀಬೇಡ. 'ಸೂಪರ್‌ವೈಸರ್ ಒಪ್ಪಿಗೆ ಪಡೆದು' ಅಂತ ಸೇರಿಸು. ಇಲ್ಲದಿದ್ದರೆ ನನ್ನ ಸಹಿ ಇಲ್ಲ."

ವಾರಿಜಾ ಆ ಸಾಲನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿಕೊಂಡಳು. ಆಮೇಲೆ ಸೇರಿಸಿದಳು.

ಅಚ್ಚಾದ ಕೈಪಿಡಿಗೆ ಎಲ್ಲರೂ ಓದದೆ ಸಹಿ ಹಾಕಿದರು. ಓದಿದವಳು ಟೈಲರ್ ಜಯಶೀಲ ಒಬ್ಬಳೇ. ಒಂದು ಬೆಳಿಗ್ಗೆ ಕೂಸನ್ನು ಎತ್ತಿಕೊಂಡೇ ವಾರಿಜಾಳ ಬಳಿ ಬಂದಳು.

"ನಮ್ಮತ್ತೆ ಕೈಲಿ ಆಗಲ್ಲ ಮೇಡಂ. ನೀವು ಬರ್ದಿದ್ರಲ್ಲ, ಅದಕ್ಕೇ ಧೈರ್ಯ ಮಾಡ್ದೆ."

ನನ್ನ ಬಟ್ಟೆಯೊಳಗೆ ಮೊದಲ ಸಲ ಬೆಚ್ಚಗಿನದೊಂದು ಭಾರ ಬಂತು. ನಾನು ಇದಕ್ಕೇ ಹುಟ್ಟಿದ್ದು.

ಸ್ವಲ್ಪ ಹೊತ್ತಿಗೆ ಕೂಸು ಅತ್ತಿತು. ತಾಯಿಯನ್ನು ಕರೆಯಲು ಓಡಿದ ಆಯಾ ಒಬ್ಬಳೇ ಮರಳಿದಳು. "ಸೂಪರ್‌ವೈಸರ್ ಬಿಡ್ಲಿಲ್ಲ ಮೇಡಂ. 'ನನ್ನ ಒಪ್ಪಿಗೆ ಬೇಕು ಅಂತ ಬರೆದೈತೆ ನೋಡು' ಅಂತ ಪುಸ್ತಕ ತೋರಿಸ್ದ." ವಾರಿಜಾ ಹೋಗಿ ಜಗಳವಾಡಿದರೂ ಆತ ಕದಲಲಿಲ್ಲ. ಅವಳು ಬಂದು ನನ್ನನ್ನು ತೂಗಿದಳು. ಊಟದ ಗಂಟೆಗೆ ಜಯಶೀಲ ಓಡಿ ಬಂದಾಗ ಅವಳ ರವಿಕೆ ಹಾಲಿನಿಂದ ನೆನೆದಿತ್ತು. ಕೂಸು ಅತ್ತು ಅತ್ತು ನಿದ್ದೆ ಹೋಗಿತ್ತು.

"ಒಪ್ಪಿಗೆ ಅನ್ನೋ ಅದೊಂದು ಮಾತು ಬರೀದೇ ಇದ್ದಿದ್ರೆ ಆಗ್ತಿರ್ಲಿಲ್ವಾ ಮೇಡಂ?" ಎಂದಷ್ಟೇ ಕೇಳಿದಳು. ಮಾರನೆಯ ದಿನದಿಂದ ಕೆಲಸಕ್ಕೇ ಬರಲಿಲ್ಲ.

ನನ್ನ ಬಟ್ಟೆಯ ಮೇಲೆ ಕೂಸಿನ ಜೊಲ್ಲಿನ ಕಲೆ ಉಳಿಯಿತು. ಮುಂದಿನ ತಪಾಸಣೆಗೆ ಆಯಾ ಒಗೆಯಹೋದರೆ ಮ್ಯಾನೇಜರ್ ತಡೆದ. "ಇರಲಿ ಬಿಡು, ಮಕ್ಕಳು ಬರ್ತಾರೆ ಅಂತ ಗೊತ್ತಾಗಲಿ." ಬಂದ ಅಧಿಕಾರಿ ಕಲೆ ನೋಡಿ ಮೆಚ್ಚಿ ತಲೆಯಾಡಿಸಿದರು. ಆ ಸಂಜೆ ವಾರಿಜಾ ಒಬ್ಬಳೇ ಬಂದು ಬಟ್ಟೆಯ ಗಂಟುಗಳನ್ನು ಬಿಚ್ಚಿದಳು, ಮುಖಕ್ಕೊತ್ತಿಕೊಂಡಳು, ಮಡಿಸಿ ಚೀಲದೊಳಗಿಟ್ಟುಕೊಂಡು ಹೋದಳು.

ಬಟ್ಟೆಯಿಲ್ಲದ ನನ್ನನ್ನು ಆಚೆ ಹಾಕಿದರು. ಈಗ ನಾನು ಜನರೇಟರ್ ಕೋಣೆಯ ಹಿಂದೆ ತುಕ್ಕು ಹಿಡಿಯುತ್ತಿರುವ ಬರೀ ಪೈಪು. ಗಾಳಿ ಬೀಸಿದರೆ ಕಿರ್ರೆನ್ನುತ್ತೇನೆ. ಒಳಗಿನ ಮಿಷನ್ನುಗಳ ಸದ್ದಿನಲ್ಲಿ ಅದು ಯಾರಿಗೂ ಕೇಳುವುದಿಲ್ಲ. ಆ ಕೂಸು ಈಗ ನಡೆಯುತ್ತಿರಬೇಕು.