ತಿಕ್ಕಿ ತೊಳೆದ ಕೊಳ

ನೆರಳು ಕೊಳದ ಮೂರನೆಯ ಇಟ್ಟಿಗೆಗೆ ಬಂತು, ಅಂದರೆ ಮೂರೂವರೆ, ಶಾಲೆಯ ಬಸ್ಸು ನಾಲ್ಕಕ್ಕೆ, ಅಷ್ಟರೊಳಗೆ ಈ ಕ್ಯಾನಿನ ಮುಚ್ಚಳ ತೆಗೆಯುವುದೋ ಬೇಡವೋ ತೀರ್ಮಾನವಾಗಬೇಕು, ಮುಚ್ಚಳವೂ ನನ್ನ ಹಣೆಬರಹದ ಹಾಗೆ ಬಿಗಿದುಕೊಂಡು ಕೂತಿದೆ – ಒಳಗೆ ಆಸ್ಪತ್ರೆಯ ಬಾಯ್ಲರ್ ಹಿಂದಿನ ಗುಂಡಿಯಿಂದ ಬಸಿದು ತಂದ ಗೊದಮೊಟ್ಟೆಗಳು, ಕಡುಕಪ್ಪು, ದಪ್ಪ ತಲೆಯವು, ನನ್ನ ಮಗಳವು ಕಂದು, ಬೆನ್ನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆ, ಯಾರು ನೋಡಿದರೂ ಬೇರೆ ಅಂತ ಹೇಳುತ್ತಾರೆ, ಅವಳಂತೂ ಗೇಟಿನಿಂದಲೇ ಹೇಳುತ್ತಾಳೆ. ಬಾಯ್ಲರ್‌ನವನಿಗೆ ಏನು ಗೊತ್ತು, ಅಯ್ಯೋ ಅಕ್ಕ, ಕಪ್ಪೆಮರಿಗೇನು ಬರಗಾಲವೇ, ಒಂದು ಕ್ಯಾನ್ ತುಂಬಿಕೊಂಡು ಹೋಗಿ, ಮಕ್ಕಳು ಎಣಿಸ್ತಾವಾ ಅಂದ. ಎಣಿಸುತ್ತಾಳೆ ಮಾರಾಯ, ನನ್ನ ಮಗಳು ಎಣಿಸುತ್ತಾಳೆ, ಯಾವುದಕ್ಕೆ ಹಿಂಗಾಲು ಬಂತು, ಯಾವುದಕ್ಕೆ ಮುಂಗೈ ಬಂತು, ಯಾವುದರ ಬಾಲ ಡೊಂಕು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿದೆ, ಹನ್ನೊಂದು ವರ್ಷದ ಹುಡುಗಿಗೆ ಏಳರ ಮಗ್ಗಿ ಬರುವುದಿಲ್ಲ, ಇದೆಲ್ಲ ಬರುತ್ತದೆ. ಕೈ ಬಂದವು ಏಳು. ಬೆಳಗ್ಗೆ ತೇಲುತ್ತಿದ್ದವೂ ಏಳು, ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು, ಚಿಕ್ಕವೆಲ್ಲ ಅವುಗಳ ನಡುವೆ ಏನೂ ಆಗದವರ ಹಾಗೆ ಓಡಾಡಿಕೊಂಡಿದ್ದವು, ಬಲವಾಗಿ ಬೆಳೆದವೇ ಮೊದಲು ಹೋಗಬೇಕೇ, ಇದು ಯಾವ ನ್ಯಾಯ.

ಅಪ್ಪನಿಗೆ ಹೇಳಬೇಡ, ಅಪ್ಪ ಮರೀತಾರೆ, ನೀನೇ ನೋಡ್ಕೋ ಅಮ್ಮ – ಶುಕ್ರವಾರ ಬೆಳಗ್ಗೆ ಶಿಬಿರಕ್ಕೆ ಹೊರಡುವಾಗ ಹಾಗೆ ಹೇಳಿದ್ದಳು, ನಾನು ಅವಳ ಬ್ಯಾಗಿಗೆ ಟವೆಲು ತುರುಕುತ್ತಿದ್ದೆ, ಏಳೂವರೆಗೆ ನನ್ನ ಪಾಳಿ, ಹಲ್ಲುಜ್ಜುವ ಬ್ರಷ್ ಎಲ್ಲಿ ಇಟ್ಟೆ, ಅವಳು ಹಿಂದೆ ಹಿಂದೆ ಬಂದು ಏನೇನೋ ಹೇಳುತ್ತಲೇ ಇದ್ದಳು, ಹೂಂ, ಹೂಂ, ಹೂಂ, ನನ್ನ ಈ ಹೂಂಗೆ ಬೆಂಕಿ ಬೀಳಲಿ. ವರ್ಷದಿಂದ ನನ್ನ ಹತ್ತಿರ ಏನೂ ಕೇಳದವಳು, ಹಗಲು ಪಾಳಿ, ರಾತ್ರಿ ಪಾಳಿ, ಶಾಲೆಯ ಸಭೆಗೆ ಹೋಗಿಲ್ಲ, ಅವಳು ಪಾತ್ರ ಮಾಡಿದ ನಾಟಕಕ್ಕೂ ಹೋಗಲಿಲ್ಲ, ಪರವಾಗಿಲ್ಲಮ್ಮ ಅಂದಿದ್ದಳು, ದೊಡ್ಡವರು ಅನ್ನುವ ಹಾಗೆ, ಆ ಪರವಾಗಿಲ್ಲ ಎರಡು ತಿಂಗಳು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಈಗ ತಾನಾಗಿಯೇ ಬಂದು ಒಂದು ಕೆಲಸ ಒಪ್ಪಿಸಿದಳು. ಮೂರು ದಿನ. ಬೇಯಿಸಿದ ಸೊಪ್ಪು ಒಂದೆಲೆ ಹಾಕುವುದು. ಅಷ್ಟನ್ನೇ ಮಾಡಿದ್ದರೆ ಆಗಿತ್ತು, ಇಲ್ಲ, ನನ್ನ ಕೈ ಸುಮ್ಮನಿರಬೇಕಲ್ಲ.

ಹತ್ತು ವರ್ಷದಿಂದ ಕತ್ತರಿ, ಚಿಮಟ, ಟ್ರೇ ತೊಳೆದು ಉಗಿಪೆಟ್ಟಿಗೆಗೆ ಹಾಕಿ ತೆಗೆಯುವ ಕೆಲಸ, ಒಂದು ಕಲೆ ಉಳಿದರೆ ಹೆಡ್ ನರ್ಸ್ ಬೆಳಕಿಗೆ ಹಿಡಿದು ತೋರಿಸುತ್ತಾರೆ, ಇದೇನು ಇದು ಅಂತ, ಮನೆಗೆ ಬಂದರೂ ಕಣ್ಣು ಕಲೆಯನ್ನೇ ಹುಡುಕುತ್ತದೆ. ಭಾನುವಾರ ರಜೆ, ತಿಂಗಳಿಗೆ ಸಿಗುವ ಒಂದೇ ಭಾನುವಾರ, ಕಾಫಿ ಹಿಡಿದು ಹಿತ್ತಿಲಿಗೆ ಬಂದರೆ ಕೊಳ ಹಸಿರು ಲೋಳೆ, ಗೋಡೆಗೆಲ್ಲ ಪಾಚಿ, ನಡುವೆ ಗುಡ್ಡೆ ಹಾಕಿದ ಕಲ್ಲುಗಳ ಮೇಲೆ ಬೆರಳುದ್ದ ಪಾಚಿ, ಪಕ್ಕದ ಮನೆಯ ಅಜ್ಜ ಕಾಂಪೌಂಡಿನ ಮೇಲಿಂದ ಇಣುಕಿ, ಏನಮ್ಮ, ನಿಮ್ಮನೆ ಸಂಗೀತ ಕಛೇರಿ ಈ ಸಲ ಬೆಳಗಿನ ಜಾವದವರೆಗೂ ನಡೀತಲ್ಲ, ಕಲಾವಿದರಿಗೆ ಸೊಳ್ಳೆ ಊಟ ಬೇರೆ ಬಿಟ್ಟಿ ಅಂದರು. ಅಜ್ಜನಿಗೆ ನಗು, ನನಗೆ ಮೈಯೆಲ್ಲ ಉರಿ. ಮೀನು ಸಾಕುತ್ತೇನೆಂದು ಈ ಕೊಳ ಕಟ್ಟಿಸಿದವರು ನಮ್ಮ ಮನೆಯವರು, ಒಂದು ತಿಂಗಳು ಹುರುಪು, ಆಮೇಲೆ ಲಾರಿ ಹತ್ತಿ ಹೋದರೆ ವಾರಕ್ಕೊಮ್ಮೆ ಮನೆ, ಉಳಿದದ್ದು ಎರಡು ಕೇಸರಿ ಮೀನು, ಕಪ್ಪೆಗಳು ಕರೆಯದೇ ಬಂದು ಮೊಟ್ಟೆ ಇಟ್ಟವು, ಮೀನು ಅರ್ಧ ನುಂಗಿದವು, ಹುಡುಗಿ ಹಳೆಯ ಸೊಳ್ಳೆಪರದೆ ಹರಿದು ನಡುವೆ ಅಡ್ಡ ಹೊಲಿದಳು, ಈ ಕಡೆ ಗೊದಮೊಟ್ಟೆ, ಆ ಕಡೆ ಮೀನು, ಸೂಜಿ ಚುಚ್ಚಿಕೊಂಡ ಬೆರಳು ನನಗೆ ತೋರಿಸಲೂ ಇಲ್ಲ. ಲೋಳೆ ನೋಡಲಾಗದೆ ಎರಡು ಬಕೆಟ್ಟು ತಂದೆ, ಒಂದಕ್ಕೆ ಮೀನು, ಒಂದಕ್ಕೆ ಇವು, ಒಂದನ್ನೂ ಬಿಡದೆ ಜರಡಿಯಲ್ಲಿ ಹಿಡಿದೆ, ಎಷ್ಟು ಜೋಪಾನ, ನನಗೇ ನನ್ನ ಮೇಲೆ ಮೆಚ್ಚುಗೆ. ಗೋಡೆ ತಿಕ್ಕಿದೆ, ಸಿಮೆಂಟು ಹಲ್ಲಿನ ಹಾಗೆ ಬಿಳಿಯಾಗುವವರೆಗೆ, ಕಲ್ಲುಗಳನ್ನು ತೆಗೆದು ಒಂದೊಂದಾಗಿ ಉಜ್ಜಿ ಒಣಗಲು ಸಾಲಾಗಿ ಕಟ್ಟೆಯ ಮೇಲಿಟ್ಟೆ, ಟ್ರೇಯಲ್ಲಿ ಜೋಡಿಸಿಟ್ಟ ಹಾಗೆ, ನಲ್ಲಿ ಬಿಟ್ಟೆ, ಅಂಚಿಗೆ ಒಂದು ಗೇಣು ಬಾಕಿ ಇರುವವರೆಗೆ ನೀರು, ಪರದೆ ಮತ್ತೆ ಕಟ್ಟಿ ಮೀನು ಆ ಕಡೆ, ಇವು ಈ ಕಡೆ ಬಿಟ್ಟೆ, ತಳ ಕಾಣುತ್ತದೆ. ಬ್ಲೀಚಿಂಗ್ ಪುಡಿ ಒಂದು ಚಿಟಿಕೆಯೂ ಹಾಕಲಿಲ್ಲ, ಅಷ್ಟು ಬುದ್ಧಿ ಇದೆ ನನಗೆ. ಸಂಜೆ ಚಹಾ ಹಿಡಿದು ಬಂದರೆ ಒಂದು ಮರಿ, ನಾಲ್ಕೂ ಕಾಲು ಬಂದದ್ದು, ಬಾಲ ಇನ್ನೂ ಇದೆ, ಬಿಳಿ ಗೋಡೆಗೆ ಎರಡೂ ಕೈ ಒತ್ತಿ ಒಂದಿಂಚು ಏರಿತು, ಜಾರಿತು, ಮತ್ತೆ ಏರಿತು, ಜಾರಿತು, ಹೊಸ ನೀರಲ್ಲಿ ಏನು ಆಟ ಅಂತ ನಾನು ನಕ್ಕೆ, ಫೋನು ತರಲು ಒಳಗೆ ಹೋದೆ, ಒಳಗೆ ಕುಕ್ಕರ್ ಕೂಗಿತು, ಮರೆತೆ.

ಇವತ್ತು ಬೆಳಗ್ಗೆ ನೋಡಿದರೆ ಏಳೂ ತೇಲುತ್ತಿದ್ದವು. ಇವರಿಗೆ ಫೋನು ಮಾಡಿದರೆ ಹಿಂದೆ ಹಾರ್ನು, ನಲ್ಲಿ ನೀರಾ ಬಿಟ್ಟೆ, ಒಂದು ದಿನ ಹಿಡಿದಿಟ್ಟು ಬಿಡಬೇಕು ಕಣೇ, ಅದರಲ್ಲಿ ಔಷಧಿ ಇರುತ್ತೆ, ನನ್ನ ಒಂದು ಮಾತು ಕೇಳಬಾರದಿತ್ತಾ ಅಂದರು. ಕೇಳಬೇಕಂತೆ. ಎಲ್ಲಿ ಕೇಳಲಿ, ಯಾವ ಟೋಲ್ ಗೇಟಿನಲ್ಲಿ ಹುಡುಕಿಕೊಂಡು ಬಂದು ಕೇಳಲಿ, ಅವಳಿಗೆ ಏನೂ ಹೇಳಬೇಡ, ಬೇರೆ ತಂದು ಹಾಕು, ಮಗು ಮನಸ್ಸು ಯಾಕೆ ನೋಯಿಸ್ತೀಯ, ಇದು ಅವರ ಬುದ್ಧಿವಾದ, ಒಬ್ಬರನ್ನು ಸಮಾಧಾನ ಮಾಡಿದರೆ ಇನ್ನೊಬ್ಬರು ನೆಗೆಯುತ್ತಾರೆ, ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ ನನ್ನ ಸಂಸಾರ. ಏಳನ್ನೂ ಚಮಚದಲ್ಲಿ ಎತ್ತಿದೆ. ಒಂದರ ಕೈಗೆ ನಾಲ್ಕು ಬೆರಳು, ಎಣಿಸಿದೆ, ನಾಲ್ಕೇ, ಕೂದಲಿನಷ್ಟು ಸಣ್ಣ, ಆ ಕೈ ಗೋಡೆಗೆ ಒತ್ತಿ – ಬೇಡ. ನೀರಿನ ಔಷಧಿ. ನೀರಿಗೆ ಔಷಧಿ ಹಾಕುವವರು ಬೇರೆ, ನಾನೇನೂ ಹಾಕಲಿಲ್ಲ, ಶುಚಿ ಮಾಡಿದ್ದು ತಪ್ಪಾ, ಆಸ್ಪತ್ರೆಯಲ್ಲಿ ಇದೇ ಕೈಯಿಂದ ತೊಳೆದದ್ದರಿಂದ ಎಷ್ಟು ಜನ ಬದುಕಿ ಎದ್ದು ಹೋಗಿದ್ದಾರೆ, ಇಲ್ಲಿ ಏಳು ಕಪ್ಪೆಮರಿಗೆ ನಾನು ಕಟಕಟೆ ಹತ್ತಬೇಕು. ಅರ್ಧ ದಿನ ರಜೆ ಹಾಕುವಾಗ ಕಾರಣ ಏನು ಅಂತ ಕೇಳಿದರು ಸಿಸ್ಟರ್, ಮನೇಲಿ ಸಾವಾಗಿದೆ ಅನ್ನಲಾ, ಹೊಟ್ಟೆನೋವು ಅಂದೆ.

ನೆರಳು ನಾಲ್ಕನೆಯ ಇಟ್ಟಿಗೆಗೆ, ಮುಚ್ಚಳ ಸಡಿಲಾಯಿತು, ಕಪ್ಪು ತಲೆಗಳು ಒಂದರ ಮೇಲೊಂದು, ಸುರಿದರೆ ಒಂದು ಕ್ಷಣದ ಕೆಲಸ, ಬಣ್ಣ ಬದಲಾಯಿಸ್ತು ನೋಡು ಪುಟ್ಟ, ದೊಡ್ಡವಾಗ್ತಾ ಹಂಗೇ ಆಗ್ತವೆ ಅನ್ನಬಹುದು, ಅವಳು ನನ್ನ ಮುಖ ನೋಡುತ್ತಾಳೆ, ಆಮೇಲೆ ಪರವಾಗಿಲ್ಲಮ್ಮ ಅನ್ನುತ್ತಾಳೆ, ಗೊತ್ತಾಗಿಯೂ ಅನ್ನುತ್ತಾಳೆ, ಅದು ಬೇಡ, ಇನ್ನೊಂದು ಪರವಾಗಿಲ್ಲ ನನ್ನಿಂದ ನುಂಗಲಾಗುವುದಿಲ್ಲ, ಬಸ್ಸಿನ ಬ್ರೇಕು, ಗೇಟು, ಬ್ಯಾಗು ಧೊಪ್ಪನೆ ಬಿದ್ದ ಸದ್ದು, ಕ್ಯಾನನ್ನು ಬಟ್ಟೆ ಕಲ್ಲಿನ ಹಿಂದೆ ತಳ್ಳಲೇ, ತಳ್ಳಲಿಲ್ಲ, ಕೈಯಲ್ಲೇ ಇದೆ, ಅಮ್ಮಾ ಎಲ್ಲಾ ಏಳೂ ಹೊರಗೆ ಬಂದ್ವಾ, ಬಿಸಿಲಿಗೆ ಕಪ್ಪಾಗಿದ್ದಾಳೆ, ಮೂಗಿನ ಮೇಲೆ ಸಿಪ್ಪೆ ಎದ್ದಿದೆ, ಏಳೂ ಸತ್ತೋದವು ಕಣೇ ಅಂದೆ, ನಾನು ಕೊಳ ತೊಳೆದೆ, ನಲ್ಲಿ ನೀರು ಬಿಟ್ಟೆ, ನೀರಲ್ಲಿ ಔಷಧಿ ಇತ್ತಂತೆ, ಇವು ಬೇರೆ, ನಿನಗೆ ಸುಳ್ಳು ಹೇಳೋಣ ಅಂತ ತಂದೆ, ಹೇಳಲ್ಲ. ಅಳುತ್ತಾಳೆ ಅಂದುಕೊಂಡೆ, ಕಿರುಚಲಿ, ಹೊಡೆಯಲಿ, ಅವಳು ಕೊಳದ ಪಕ್ಕ ಕುಕ್ಕರುಗಾಲಲ್ಲಿ ಕೂತಳು, ಪರದೆಯ ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಡಾಕ್ಟರು ರೋಗಿಯನ್ನು ನೋಡುತ್ತಾರಲ್ಲ ಹಾಗೆ. ಮೀನು ಚೆನ್ನಾಗಿವೆಯಲ್ಲಮ್ಮ. ಚಿಕ್ಕವೂ ಚೆನ್ನಾಗಿವೆ. ನೀರಿಂದ ಆಗಿದ್ದಲ್ಲ ಇದು. ಕಲ್ಲೆಲ್ಲಿ? ನಾನು ಕಟ್ಟೆ ತೋರಿಸಿದೆ, ಸಾಲಾಗಿ, ಬಿಳಿ, ಒಣಗಿ ಬಿಸಿಯಾಗಿವೆ. ಕಲ್ಲು ಮಾತ್ರ ತೆಗೀಬೇಡ ಅಂದಿದ್ನಲ್ಲಮ್ಮ, ನೀನು ಹೂಂ ಅಂದೆ, ಕೈ ಬಂದ್ಮೇಲೆ ಅವು ನೀರೊಳಗೇ ಇರೋಕಾಗಲ್ಲ, ಉಸಿರಿಗೆ ಮೇಲೆ ಬಂದು ಕೂರ್ಬೇಕು, ಕೂರೋಕೆ ಏನೂ ಸಿಗ್ಲಿಲ್ಲ ಅಂದ್ರೆ ಈಜಿ ಈಜಿ ಸುಸ್ತಾಗಿ ಮುಳುಗ್ತವೆ. ದನಿ ಏರಲಿಲ್ಲ, ಪಾಠ ಒಪ್ಪಿಸಿದ ಹಾಗೆ, ಒಂದು ಬಿಸಿ ಕಲ್ಲು ಎತ್ತಿ ನೀರಿಗಿಟ್ಟಳು, ಇನ್ನೊಂದು ಇಟ್ಟಳು, ನನ್ನ ಕಡೆ ತಿರುಗದೆ, ಗೋಡೆ ಹತ್ತೋಕೆ ನೋಡಿರ್ತವೆ, ನೀನು ನೋಡ್ಲಿಲ್ವಾ ಅಮ್ಮ – ನೋಡಿದೆ, ನೋಡಲಿಲ್ಲ, ಚಹಾ ಬಿಸಿಯಿತ್ತು, ಬಿಳಿ ಗೋಡೆ, ಎರಡು ಕೈ, ನಾಲ್ಕು ನಾಲ್ಕು ಬೆರಳು, ಏರಿತು, ಜಾರಿತು, ನಾನು ನಕ್ಕೆ, ಏರಿತು, ಜಾರಿತು, ನಾನು ನಕ್ಕೆ, ಏರಿತು