ಭಂಡಾರ ಎತ್ತಿದ ಕೈ

ಅಮೆರಿಕಕ್ಕೆ ಯಾರು ಅಧ್ಯಕ್ಷರಾಗಬೇಕೆಂದು ನಮ್ಮ ಊರಿನಲ್ಲಿ ತೀರ್ಮಾನವಾಗುತ್ತಿದ್ದದ್ದು ಹಾಜಿಮಲಂಗನ ಚಹಾದಂಗಡಿಯಲ್ಲಿ. ಜುಗೂಳ ದಾಟಿ ಕೃಷ್ಣೆ ತಿರುವು ಹಾಕುವಲ್ಲಿ ನಮ್ಮ ಊರು. ಅಂಗಡಿ ನಮ್ಮ ಮನೆಯ ಎದುರಿಗೇ. ನಾನು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಾ ಕೂತರೆ ಅಲ್ಲಿಯ ಒಂದು ಮಾತೂ ತಪ್ಪದೆ ಕೇಳಿಸುತ್ತದೆ, ಅದರಲ್ಲೂ ನನ್ನ ಗಂಡ ನೇಮಿನಾಥರ ದನಿ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವುದಕ್ಕೂ ಅವರಿಗೆ ಭಾಷಣದ ದನಿಯೇ ಬೇಕು.

ಆ ನವೆಂಬರಿನಲ್ಲಿ ಮರಾಠಿ ಚಾನೆಲ್ಲಿನವರು ಅಮೆರಿಕದ ಒಬ್ಬ ಮುದುಕ ರೈತನನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಅಜ್ಜನ ಕಾಲದಿಂದ ಒಂದೇ ಪಕ್ಷಕ್ಕೆ ಓಟು ಹಾಕಿದ ಮನೆತನವಂತೆ. ಈ ಸಲ ನಮ್ಮ ಪಕ್ಷ ನಿಲ್ಲಿಸಿದ ಮನುಷ್ಯ ಸರಿಯಿಲ್ಲ, ಹಾಕುವುದಿಲ್ಲ ಎಂದು ಅವನು ಹೇಳುತ್ತಿದ್ದ. ಪಕ್ಕದಲ್ಲಿ ನಿಂತ ಮಗ ಅಪ್ಪನಿಗೆ ತಲೆ ಕೆಟ್ಟಿದೆ ಎನ್ನುವ ಹಾಗೆ ನೋಡುತ್ತಿದ್ದ.

"ಇವ ನೋಡ್ರಿ ಖರೇ ಗಂಡಸ!" ಎಂದರು ನೇಮಿನಾಥರು. "ಪಕ್ಷ ಏನ್ ತಾಳಿ ಕಟ್ಟಿದ ಹೇಂತಿ ಏನಲೇ? ಮನಷ್ಯಾ ಹೆಂಗ ಅದಾನ ನೋಡಬೇಕು. ತತ್ವ ಅಂಬೂದ ಒಂದ ಐತಿಲ್ಲ?"

ಸಿದರಾಯ ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತಿದ್ದವನು ತಲೆಯೆತ್ತಿದ. "ತತ್ವ ನೀವ ಇಟಗೋರಿ, ಸಾವಕಾರ. ಕಷ್ಟದಾಗ ಪಕ್ಷ ಬಿಟ್ಟಾವ ನಾಳೆ ಹಡದವ್ವನ್ನೂ ಬಿಡ್ತಾನ. ನಾ ಸತ್ತರ ನನ್ನ ಹೆಣದ ಮ್ಯಾಲ ನಮ್ಮ ಪಕ್ಷದ ಶಾಲ ಹಾಕ್ರಿ ಅಂತ ಮನ್ಯಾಗ ಹೇಳಿಟ್ಟೀನಿ."

"ಅಮೇರಿಕಾದ್ದ ಆಮ್ಯಾಲ ನೋಡೂಣಂತ," ಎಂದ ಹಾಜಿಮಲಂಗ, ಒಲೆಯ ಮುಂದಿನಿಂದ. "ನಮ್ಮ ಪಂಚಾಯ್ತಿದ್ದ ಏನ್ ಮಾಡ್ತೀರಿ ಹೇಳ್ರಿ." ಇಬ್ಬರೂ ಚಹಾ ಕುಡಿಯುವುದರಲ್ಲಿ ಮಗ್ನರಾದರು.

ಪಂಚಾಯಿತಿಗೆ ಪಕ್ಷವಿಲ್ಲ ಎಂದು ಕಾನೂನು ಹೇಳುತ್ತದೆ. ನಮ್ಮ ಊರಿನ ಎಮ್ಮೆಗಳಿಗೂ ಯಾರು ಯಾವ ಪಕ್ಷ ಎಂದು ಗೊತ್ತು. ಹದಿಮೂರು ಸದಸ್ಯರಲ್ಲಿ ನಮ್ಮವರು ಏಳು, ಅವರ ಕಡೆಯವರು ಆರು. ಆ ಏಳರಲ್ಲಿ ನಾನೊಬ್ಬಳು, ಚಂದ್ರಮತಿ. ಹೆಣ್ಣುಮಕ್ಕಳ ಮೀಸಲಾತಿ ಬಂದಾಗ ನೇಮಿನಾಥರು ನನ್ನನ್ನು ಎಳೆದು ತಂದು ನಿಲ್ಲಿಸಿದ್ದರು. ಸಭೆಯಲ್ಲಿ ಮಾತಾಡುವವರು, ಫೋಟೋಕ್ಕೆ ನಿಲ್ಲುವವರು ಅವರು. ಸಹಿ ಮಾತ್ರ ನನ್ನದು. ಹಳೆಯ ಅಧ್ಯಕ್ಷ ಮೊದಲೇ ಆಗಿದ್ದ ಒಪ್ಪಂದದಂತೆ ರಾಜೀನಾಮೆ ಕೊಟ್ಟಿದ್ದ. ಖಾಲಿ ಬಿದ್ದ ಆ ಕುರ್ಚಿಗೆ ನಮ್ಮ ಕಡೆಯಿಂದ ಜಿನೇಂದ್ರ ನಿಂತಿದ್ದ, ಅವರ ಕಡೆಯಿಂದ ಹಾಜಿಮಲಂಗನ ಹೆಂಡತಿ ಸುಲ್ತಾನಬಿ. ಸಿದರಾಯ ಸುಲ್ತಾನಬಿಯ ಆರು ಜನರಲ್ಲಿ ಒಬ್ಬ.

ಜಿನೇಂದ್ರ ನಮ್ಮ ಪೈಕಿಯವನೇ, ಬಸದಿಯಲ್ಲಿ ಮುಂದಿನ ಸಾಲಿನಲ್ಲಿ ಕೂಡುವವನು. ಇರುವೆ ಸತ್ತೀತೆಂದು ನೆಲ ನೋಡಿ ನಡೆಯುತ್ತಾನೆ. ಅವನ ಟ್ರ್ಯಾಕ್ಟರುಗಳು ಮಾತ್ರ ನೆಲ ನೋಡುವುದಿಲ್ಲ. ಹೊಳೆ ಇಳಿಯಿತೆಂದರೆ ಉಸುಕು ತೋಡುತ್ತವೆ, ತೋಡಿದ ಗುಂಡಿಯನ್ನು ಹಾಗೆಯೇ ಬಿಡುತ್ತವೆ, ಮೇಲೆ ನೀರು ತುಂಬಿಕೊಂಡು ಎಲ್ಲ ಒಂದೇ ಸಮ ಕಾಣುತ್ತದೆ. ಹೋದ ಬೇಸಿಗೆಯಲ್ಲಿ ಚನ್ನವ್ವನ ಮೊಮ್ಮಗಳು ರೂಪಾಲಿ ದಿನಾ ಬಟ್ಟೆ ಒಗೆಯುವ ಜಾಗದಲ್ಲೇ ಕಾಲಿಟ್ಟು ಮುಳುಗಿ ಸತ್ತಳು. ಹಿಂದಿನ ದಿನ ಅಲ್ಲಿ ಮೊಣಕಾಲುದ್ದ ನೀರಿತ್ತು. ಹೆಣ ಮೇಲೆತ್ತಿದಾಗ ಜಿನೇಂದ್ರ ದಂಡೆಗೆ ಬಂದು, "ಹುಡಗೀಗ ಈಜ ಕಲಸಬೇಕಾಗಿತ್ತು" ಎಂದ. ಆ ಮಾತು ನಾನು ಸಾಯುವವರೆಗೂ ಮರೆಯುವುದಿಲ್ಲ.

ಚನ್ನವ್ವ ದಿನಾ ಬೆಳಿಗ್ಗೆ ನಮ್ಮ ಕೊಟ್ಟಿಗೆ ಕೆಲಸಕ್ಕೆ ಬರುವವಳು. ಅವಳ ಬೇಡಿಕೆ ಒಂದೇ ಆಗಿತ್ತು: ಹೊಳೆಗೆ ಇಳಿಯುವ ದಾರಿಗೆ ಅಡ್ಡ ಕಾಲುವೆ ತೋಡಿ ಟ್ರ್ಯಾಕ್ಟರು ನಿಲ್ಲಿಸಬೇಕು. ಅದನ್ನು ಮಾಡಬೇಕಾದದ್ದು ಪಂಚಾಯಿತಿ. ಕುರ್ಚಿಯ ಮೇಲೆ ಕೂತ ದಿನವೇ ಆ ಕೆಲಸ ಎಂದು ಸುಲ್ತಾನಬಿ ಹೇಳಿದ್ದಳು. ಜಿನೇಂದ್ರ ಕೂತರೆ ಅದೇ ದಾರಿಗೆ ಪಂಚಾಯಿತಿಯ ಖರ್ಚಿನಲ್ಲೇ ಖಡಿ ಬಿದ್ದು ಟ್ರ್ಯಾಕ್ಟರಿಗೆ ಗಟ್ಟಿ ರಸ್ತೆಯಾಗುತ್ತದೆ, ಇದು ಎಲ್ಲರಿಗೂ ಗೊತ್ತಿದ್ದದ್ದು.

"ಅಕ್ಕಾರ, ನಿಮ್ಮ ಕೈಲೇ ಆ ಮನಷ್ಯಾಗ ಖುರ್ಚಿ ಕೊಡಬ್ಯಾಡ್ರಿ," ಎಂದಳು ಚನ್ನವ್ವ, ಸೆಗಣಿಯ ಕೈಯಲ್ಲೇ.

"ನನ್ನ ಓಟ ಅವಂಗ ಬೀಳೂದಿಲ್ಲ ಚನ್ನವ್ವಾ. ಸುಲ್ತಾನಬಿಗೂ ಮಾತ ಕೊಟ್ಟೀನಿ."

ಮಾತು ಅಂದರೆ ನನಗೆ ಹಗುರದ್ದಲ್ಲ. ಚಾತುರ್ಮಾಸದಲ್ಲಿ ಬಸದಿಗೆ ಬಂದಿದ್ದ ಮುನಿ ಮಹಾರಾಜರ ಮುಂದೆ, ಸುಳ್ಳು ಹೇಳುವುದಿಲ್ಲ ಎಂದು ನಿಯಮ ತೆಗೆದುಕೊಂಡವಳು ನಾನು. ನೇಮಿನಾಥರೊಡನೆ ಮೂವತ್ತು ವರ್ಷ ಬಾಳ್ವೆ ಮಾಡಿ ಸುಳ್ಳು ಹೇಳದೆ ಇರುವುದು ಎಷ್ಟು ಕಷ್ಟವೆಂದು ಮಹಾರಾಜರಿಗೆ ಗೊತ್ತಿರಲಿಕ್ಕಿಲ್ಲ. ಆದ್ದರಿಂದ ಗಂಡನಿಗೂ ಬಾಯಿಬಿಟ್ಟು ಹೇಳಿದೆ, ನಾನು ಜಿನೇಂದ್ರನಿಗೆ ಹಾಕುವುದಿಲ್ಲ ಎಂದು. "ಅಮೇರಿಕಾದ ಮುದುಕ ಖರೇ ಗಂಡಸ ಅಂದ್ರೆಲ್ಲ, ನಾನೂ ಹಂಗ ಮಾಡಾಕಿ," ಎಂದೆ.

"ಅದು ಅಮೇರಿಕಾ ಬೇ!" ಎಂದು ತಾಟು ಸರಿಸಿದರು. "ಇದು ಊರು. ನಮ್ಮಪ್ಪನ ಕಾಲದಿಂದ ಈ ಮನಿ ಮ್ಯಾಲ ನಮ್ಮ ಪಕ್ಷದ ಝಂಡಾ ಐತಿ. ಹುಡಗಿ ಸತ್ತದ್ದ ನನಗೂ ಕೆಟ್ಟ ಅನಿಸೇತಿ. ಹಂಗಂತ ನಮ್ಮ ಕೈಲೇ ನಮ್ಮ ಪಕ್ಷಾ ಹುಗಿಯೂದೇನು? ಹೊರಗ ಯಾರ ಮುಂದೂ ಈ ಮಾತ ತಗೀಬ್ಯಾಡ."

ಅವರು ನನ್ನನ್ನು ನಂಬಲಿಲ್ಲವೋ, ನಂಬಿ ಹೆದರಿದರೋ, ಚುನಾವಣೆಯ ಹಿಂದಿನ ದಿನ ನಮ್ಮನ್ನೆಲ್ಲ ಗಾಡಿಯಲ್ಲಿ ತುಂಬಿಸಿ ಮಂಗಸೂಳಿಗೆ ಕರೆದೊಯ್ದರು. ಏಳು ಸದಸ್ಯರು, ಸದಸ್ಯೆಯರ ಗಂಡಂದಿರು. ಅಲ್ಲಿಯ ಮಲ್ಲಯ್ಯ ದೇವರ ದರ್ಶನ ಎಂದು ಹೇಳಿದ್ದರು. ದರ್ಶನವೂ ಆಯಿತು. ಆಮೇಲೆ ಗುಡಿಯಿಂದ ದೂರ, ಗಾಡಿ ನಿಲ್ಲಿಸಿದ್ದ ಬೇವಿನ ಮರದ ಕೆಳಗೆ, ಜಿನೇಂದ್ರ ಅಂಗಡಿಯಿಂದ ತಂದ ಭಂಡಾರದ ಚೀಲ ಬಿಚ್ಚಿದ. ಮಲ್ಲಯ್ಯನ ಅರಿಶಿನ ಪುಡಿ. ಮೇಲೊಂದು ಬಿಲ್ವಪತ್ರೆ ಇಟ್ಟ.

ನಮ್ಮ ಓಟು ಚೀಟಿಯ ಓಟು, ಗುಪ್ತ. ಯಾರು ಯಾರಿಗೆ ಹಾಕಿದರೆಂದು ಯಾರಿಗೂ ತಿಳಿಯಬಾರದು. ಅದಕ್ಕೇ ಈ ಉಪಾಯ. ಪತ್ರೆ ಮತ್ತು ಭಂಡಾರ ಅಂಗೈಯಲ್ಲಿ ಎತ್ತಿ ಹೇಳಿದ ಮಾತನ್ನು ನಮ್ಮ ಸೀಮೆಯಲ್ಲಿ ಯಾರೂ ಮುರಿಯುವುದಿಲ್ಲ. ಬಸದಿಗೆ ಹೋಗುವವರೂ ಹೆದರುತ್ತಾರೆ, ದರ್ಗಾಕ್ಕೆ ಹೋಗುವವರೂ ಹೆದರುತ್ತಾರೆ.

ನನ್ನ ಸರದಿ ಬಂದಾಗ ನೇಮಿನಾಥರು ನನ್ನ ಹಿಂದೆಯೇ ನಿಂತರು. ಒಲ್ಲೆ ಎಂದರೆ ಅಲ್ಲಿಯೇ ಎಲ್ಲ ತಿಳಿಯುತ್ತಿತ್ತು, ರಾತ್ರೋರಾತ್ರಿ ಅವರು ಸುಲ್ತಾನಬಿಯ ಕಡೆಯ ಯಾರನ್ನೋ ಒಡೆಯುತ್ತಿದ್ದರು. ಎತ್ತಿದೆ. "ಜಿನೇಂದ್ರಗ ಹಾಕ್ತೀನಿ" ಎಂದೆ. ಮಹಾರಾಜರ ನಿಯಮ, ಮಲ್ಲಯ್ಯನ ಆಣೆ, ಎರಡನ್ನೂ ಒಂದೇ ಉಸಿರಿನಲ್ಲಿ ಹಾಳು ಮಾಡಿಕೊಂಡೆ. ಇದನ್ನು ಮುಚ್ಚಿಡುವುದೇಕೆ, ಹೆದರಿದ್ದೆ.

ಅಥಣಿಯ ಲಾಡ್ಜಿಗೆ ಹೋಗುವ ದಾರಿಯುದ್ದಕ್ಕೂ ಗಂಡಸರು ಮೊಬೈಲಿನಲ್ಲಿ ಅಮೆರಿಕ ನೋಡಿದರು. ಅಲ್ಲಿ ಅವತ್ತೇ ಮತದಾನ. ಅದೇ ಮುದುಕ ಮತ್ತೆ ಬಂದ. "ಎದಿ ಬೇಕ್ರಿ ಅದಕ್ಕ, ಎದಿ!" ಎಂದರು ನನ್ನ ಗಂಡ. ಅವರ ಅಂಗೈಯ ಮೇಲೂ ಅರಿಶಿನವಿತ್ತು, ನನಗೆ ಭಂಡಾರ ಸುರಿದುಕೊಟ್ಟವರು ಅವರೇ. ನಾನು ಕಿಟಕಿಯ ಕಡೆ ತಿರುಗಿ ಕೈಯನ್ನು ಸೆರಗಿಗೆ ತಿಕ್ಕಿದೆ. ಹಳದಿ ಹೋಗಲಿಲ್ಲ. ಲಾಡ್ಜಿನ ಸಾಬೂನಿಗೂ ಹೋಗಲಿಲ್ಲ.

ಮರುದಿನ ಸೀದಾ ಪಂಚಾಯಿತಿಗೆ ತಂದು ಇಳಿಸಿದರು. ಪರದೆಯ ಹಿಂದೆ ಹೋದಾಗ ನನ್ನೊಡನೆ ಯಾರೂ ಇರಲಿಲ್ಲ. ಮದುವೆಯಾದ ಮೇಲೆ ಗಂಡ ಪಕ್ಕದಲ್ಲಿಲ್ಲದೆ ನಾನು ತೀರ್ಮಾನ ಮಾಡಿದ ಜಾಗ ಅದೊಂದೇ ಇರಬೇಕು. ಪಾಪ ಬಂದರೆ ಈ ಕೈಗೆ ಬರಲಿ, ಮನೆಗೆ ಬೇಡ ಎಂದು ಮಲ್ಲಯ್ಯನನ್ನು ಕೇಳಿಕೊಂಡು ಸುಲ್ತಾನಬಿಯ ಹೆಸರಿನ ಮುಂದೆ ಗುರುತು ಮಾಡಿದೆ. ಚೀಟಿ ಮಡಚುವಾಗ ರೂಪಾಲಿಯ ಮುಖ ಕಣ್ಣ ಮುಂದೆ ಬಂತು. ಹೊರಗೆ ಬಂದು ಕೂತು ಮನಸ್ಸಿನಲ್ಲೇ ಎಣಿಸಿದೆ: ಅವರ ಆರು, ನಾನೊಂದು, ಏಳು.

ತಾಲೂಕಿನಿಂದ ಬಂದ ಅಧಿಕಾರಿ ಎಣಿಸಿ ಓದಿದರು. ಜಿನೇಂದ್ರನಿಗೆ ಏಳು, ಸುಲ್ತಾನಬಿಗೆ ಆರು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಹೊರಗೆ ಪಟಾಕಿ ಹಚ್ಚಿದರು. ನನ್ನ ಚೀಟಿ ಸುಲ್ತಾನಬಿಗೆ ಬಿದ್ದಿದೆ, ಆದರೂ ಅವಳಿಗೆ ಆರೇ. ಹಾಗಾದರೆ ಅವಳ ಆರರಲ್ಲಿ ಒಬ್ಬರು ಜಿನೇಂದ್ರನಿಗೆ ಹಾಕಿದ್ದಾರೆ. ನಾನು ಆ ಕಡೆ ಹೋದೆ, ಅಲ್ಲಿಯವರೊಬ್ಬರು ಈ ಕಡೆ ಬಂದರು, ಲೆಕ್ಕ ಇದ್ದ ಹಾಗೇ ಇದೆ. ಇದು ಗೊತ್ತಿದ್ದದ್ದು ಆ ಕೋಣೆಯಲ್ಲಿ ನನಗೆ, ಇನ್ನೊಬ್ಬರಿಗೆ.

ಆ ಇನ್ನೊಬ್ಬ ಸುಲ್ತಾನಬಿಯ ಮುಂದೆ ನಿಂತು ಕೈ ಮುಗಿಯುತ್ತಿದ್ದ. "ಇರ್ಲಿ ಬಿಡ್ರಿ ಬಾಯಾರ. ನಾವ ಆರೂ ಮಂದಿ ಗಟ್ಟಿ ನಿಂತೀವಿ. ಅದ ನಮ್ಮ ಗೆಲುವು," ಎನ್ನುತ್ತಿದ್ದ ಸಿದರಾಯ. ಮುಗಿದ ಕೈ ಬಿಚ್ಚಿದಾಗ ಅವನ ಅಂಗೈಯ ಗೆರೆಗಳಲ್ಲಿ ಹಳದಿ ಕಂಡಿತು. ಉಗುರಿನ ಸಂದಿಯಲ್ಲೂ ಇತ್ತು. ಅವರ ಕಡೆಯವರು ಯಾರೂ ಮಂಗಸೂಳಿಗೆ ಬಂದಿರಲಿಲ್ಲ, ಭಂಡಾರ ಯಾರ ಮುಂದೆ ಎತ್ತಿದನೋ. ಎತ್ತಿಸಿದವರು ಏಳೇ ಬಿದ್ದದ್ದು ನೋಡಿ, ಮಾತು ಮುರಿದವನು ಇವನೇ ಎಂದುಕೊಂಡಿರಬೇಕು. ನಾನು ನೋಡುತ್ತಿದ್ದೇನೆಂದು ಅವನಿಗೆ ತಿಳಿಯಿತು. ನನ್ನ ಕೈಯನ್ನೂ ಅವನು ನೋಡಿದ. ಆಮೇಲೆ ತನ್ನ ಕೈಗಳನ್ನು ಜೇಬಿಗೆ ಹಾಕಿಕೊಂಡ.

ಎದ್ದು ಕೂಗಬೇಕೆನಿಸಿತು. ಅಷ್ಟರಲ್ಲಿ ಜಿನೇಂದ್ರ ಹಾರ ಹಾಕಿಕೊಂಡು ಬಂದು ಎಲ್ಲರ ಮುಂದೆ ನನ್ನ ಕಾಲು ಮುಟ್ಟಿದ. "ಕಾಕೂ, ನೀವ ಮಾತಿನವರು" ಎಂದ. ಸುಲ್ತಾನಬಿ ಹೊರಗೆ ಹೋಗುವಾಗ ನನ್ನ ಹೆಗಲ ಮೇಲೆ ಕೈ ಇಟ್ಟು, "ಇರ್ಲಿ ಅಕ್ಕಾ, ನಿನಗೂ ಒಂದ ಮನಿ ಐತಿ" ಎಂದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು.

"ನೀ ಹಾಕಲಿಲ್ಲ ಅಂದ್ರ ಏಳನೇ ಓಟ ಆಕಾಶದಿಂದ ಬಿತ್ತೇನ ಬೇ? ಲೆಕ್ಕ ಬರೋಬರಿ ಐತಿ."

"ಸಿದರಾಯ ಹಾಕ್ಯಾನ."

"ಸಿದರಾಯ! ಹೆಣದ ಮ್ಯಾಲ ಪಕ್ಷದ ಶಾಲ ಹಾಕ್ಕೊಳ್ಳಾವ!" ಅವರ ಮುಖದಲ್ಲಿ ನಿಜವಾದ ಗೌರವವಿತ್ತು, ಎದುರಾಳಿಯ ಬಗ್ಗೆ. "ಚನ್ನವ್ವಗ ಹೇಳಾಕ ಕತಿ ಕಟಗೋತಿ, ಕಟಗೋ. ನನ್ನ ಮುಂದ ಬ್ಯಾಡ." ಅಮೆರಿಕದ ಎಣಿಕೆ ನೋಡಲು ಎದುರಿನ ಅಂಗಡಿಗೆ ಹೋದರು. ಹಾಜಿಮಲಂಗ ಚಹಾ ಕೊಟ್ಟು ಒಲೆಯ ಕಡೆ ತಿರುಗಿದನಂತೆ.

ಮರುದಿನ ಬೆಳಿಗ್ಗೆ ಚನ್ನವ್ವ ಬರಲಿಲ್ಲ. ಎಮ್ಮೆ ಒದರುತ್ತಿತ್ತು. ನಾನೇ ಅವಳ ಮನೆಗೆ ಹೋದೆ. ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಒಳಗೆ ಬಾ ಎನ್ನಲಿಲ್ಲ. ಗೋಡೆಯ ಮೇಲೆ ರೂಪಾಲಿಯ ಶಾಲೆಯ ಫೋಟೋ ಕಾಣುತ್ತಿತ್ತು.

"ಚನ್ನವ್ವಾ, ನಾ ಸುಲ್ತಾನಬಿಗೆ ಹಾಕೀನಿ. ಅವರ ಕಡೀದವನ ಒಬ್ಬ ಕೈ ಕೊಟ್ಟ."

"ಅಕ್ಕಾರ, ನಾ ಸಾಲಿ ಕಲಿತಾಕಿ ಅಲ್ಲ," ಎಂದಳು, ಮೊರದಿಂದ ಕಣ್ಣೆತ್ತದೆ. "ಆದ್ರ ಏಳ ಎಷ್ಟು ಆರ ಎಷ್ಟು ಗೊತ್ತೈತಿ. ನೀವ ಭಂಡಾರ ಎತ್ತೀರಂತಲ್ಲ. ಊರೆಲ್ಲಾ ಹೇಳಾಕತ್ತೈತಿ."

"ಎತ್ತೀನಿ. ಎತ್ತಿ ಮುರದೀನಿ. ನಿನ ಸಲುವಾಗಿ ಮಲ್ಲಯ್ಯನ ಆಣಿ ಮುರದೀನಿ."

ಆಗ ಅವಳು ಮೊರ ಕೆಳಗಿಟ್ಟಳು. ನನ್ನ ಬಲಗೈ ಹಿಡಿದು ತಿರುಗಿಸಿ ನೋಡಿದಳು. ಹಳದಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಅವಳ ಬೆರಳು ಒರಟಾಗಿತ್ತು, ಹಿಡಿತ ಮೆತ್ತಗಿತ್ತು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ದೇವರ ಭಂಡಾರ ಕೈಯಾಗ ಹಿಡದ ಸುಳ್ಳ ಹೇಳೀನಿ ಅಂತೀರಿ. ಇಲ್ಲೆ ನನ್ನ ಮುಂದ ಖಾಲಿ ಕೈಲೇ ನಿಂತೀರಿ. ಈಗ ಹೇಳೂದ ಖರೇ ಅಂತ ನಾ ಹೆಂಗ ತಿಳಕೊಳ್ರಿ ಅಕ್ಕಾರ?"

ನನ್ನ ಕೈಯನ್ನು ನನಗೇ ಬಿಟ್ಟು ಮತ್ತೆ ಜೋಳಕ್ಕೆ ಕೂತಳು. ಅವಳ ಮನೆಯ ಮುಂದಿನ ದಾರಿಯೇ ಹೊಳೆಗೆ ಇಳಿಯುವ ದಾರಿ. ಟ್ರ್ಯಾಕ್ಟರೊಂದು ಬಂತು, ಮೂತಿಗೆ ನಿನ್ನೆಯ ಹಾರ ಕಟ್ಟಿತ್ತು. ನನ್ನನ್ನು ನೋಡಿ ಡ್ರೈವರ್ ವೇಗ ಇಳಿಸಿ, ಹಣೆಗೆ ಕೈ ಹಚ್ಚಿ ನಮಸ್ಕಾರ ಮಾಡಿದ. ಚನ್ನವ್ವ ಅದನ್ನು ನೋಡಿದಳು.