ಬಾಲ ತಪ್ಪಿದ ಮಾತು

“ಇಂಗ್ಲಿಷಿನ ಕ್ರಿಯಾಪದ ಅಂದ್ರೆ ಕತ್ತೆ ಇದ್ದ ಹಾಗೆ,” ಎನ್ನುತ್ತಿದ್ದರು ದೋನ್ ಎವರಿಸ್ತೋ ಮೇಷ್ಟ್ರು. “ಮುಂದಿನಿಂದ ನೋಡಿದ್ರೆ ಬಲು ಸಾಧು. ಒದೆಯೋದು ಹಿಂದಿನಿಂದ. ಅದಕ್ಕೇ ಬಾಲ ನೋಡ್ರಪ್ಪಾ, ಬಾಲ ನೋಡಿ!”

ಮಂಗಳವಾರ ಸಂಜೆ ಚರ್ಚಿನ ಹಿಂದಿನ ಕೋಣೆಯಲ್ಲಿ ಈ ಪಾಠ. ಕಲಿಯಲು ಬರುತ್ತಿದ್ದವರು ಹೋಟೆಲಿನ ಮಾಣಿಗಳು, ಒಬ್ಬ ಟ್ಯಾಕ್ಸಿಯವನು, ಮತ್ತೆ ಗುಡ್ಡದ ಮೇಲಿನ ವೃದ್ಧಾಶ್ರಮದಲ್ಲಿ ಆರೈಕೆ ಕೆಲಸ ಮಾಡುವ ಎಲ್ವಿರಾ. ಅಲಿಕಾಂತೆಯ ಕರಾವಳಿಗೆ ಬಿಸಿಲು ಕಾಯಿಸಲು ಬಂದು ಅಲ್ಲೇ ಹಣ್ಣಾದ ಇಂಗ್ಲಿಷರೇ ಆ ಆಶ್ರಮದ ತುಂಬ. ಅರ್ಧ ಆಯಸ್ಸು ಸ್ಪೇನಿನಲ್ಲಿ ಕಳೆದರೂ ಅವರಿಗೆ ಬರುತ್ತಿದ್ದ ನಮ್ಮ ಸ್ಪ್ಯಾನಿಷ್ ಮಾತು ಅಷ್ಟಕ್ಕಷ್ಟೆ: ಧನ್ಯವಾದ ಹೇಳುವುದು, ಇನ್ನೊಂದು ಗ್ಲಾಸ್ ತರಿಸುವುದು, ಮತ್ತೆ ‘ಆಸ್ತ ಲುವೆಗೊ’. ಈ ಕೊನೆಯದನ್ನು ಕಲಿಯದೆ ಇಲ್ಲಿ ಬದುಕುವುದೇ ಸಾಧ್ಯವಿಲ್ಲ. ಅಂಗಡಿಯಿಂದ ಹೊರಟರೂ, ಲಿಫ್ಟಿನಿಂದ ಇಳಿದರೂ, ಜನ್ಮದಲ್ಲಿ ಮತ್ತೆ ಮುಖ ನೋಡದವರಿಗೂ ನಮ್ಮ ಜನ ‘ಆಸ್ತ ಲುವೆಗೊ’ ಎನ್ನುತ್ತಾರೆ. ಆಮೇಲೆ ಸಿಗೋಣ ಅಂತ. ಯಾರೂ ಸಿಗುವುದಿಲ್ಲ, ಬಿಡಿ.

ಹಾಗಾಗಿ ಇಂಗ್ಲಿಷ್ ಕಲಿಯುವ ಕರ್ಮ ಎಲ್ವಿರಾಳ ತಲೆಗೆ ಬಂತು. ನಮ್ಮ ಭಾಷೆಯಲ್ಲಿ ಹೊರಗೆ ಹೋಗುವುದಕ್ಕೊಂದು ಪದ, ಒಳಗೆ ಬರುವುದಕ್ಕೊಂದು ಪದ, ಮೂರ್ಛೆಗೊಂದು, ಸಾವಿಗೊಂದು. ಇಂಗ್ಲಿಷರು ಜಿಪುಣರು. ಒಂದೇ ಪದಕ್ಕೆ ಬೇರೆ ಬೇರೆ ಬಾಲ ಕಟ್ಟಿ ಸಂಸಾರ ತೂಗಿಸುತ್ತಾರೆ. ಮೊದಲ ಪಾಠದಲ್ಲಿ ‘ಕಮ್’ಗೆ ‘ಇನ್’ ಕಟ್ಟಿ ಒಳಗೆ ಕರೆಯುವುದನ್ನು ಕಲಿತಾಗ ಎಲ್ವಿರಾಗೆ ಇದೇನು ಮಹಾ ಅನ್ನಿಸಿತ್ತು. ‘ಪಾಸ್’ ಎಂಬ ಪದ ಬಂದ ದಿನ ಅವಳು ಪೆನ್ಸಿಲ್ಲು ಕೆಳಗಿಟ್ಟಳು. ಅದಕ್ಕೆ ‘ಔಟ್’ ಕಟ್ಟಿದರೆ ಎಚ್ಚರ ತಪ್ಪುವುದು, ‘ಅವೇ’ ಕಟ್ಟಿದರೆ ತೀರಿಕೊಳ್ಳುವುದು.

“ಅಷ್ಟು ಹತ್ರ ಹತ್ರ ಇಡೋದಾ ಮೇಷ್ಟ್ರೇ? ಉಪ್ಪಿನ ಡಬ್ಬಿ ಪಕ್ಕ ಇಲಿಪಾಷಾಣ ಇಟ್ಟ ಹಾಗಾಯ್ತಲ್ಲ!”

“ನೋಡಿ ಹಾಕು ತಾಯಿ. ನೋಡಿ ಹಾಕು.”

ಆಶ್ರಮದಲ್ಲಿ ಅವಳಿಗೆ ಇನ್ನೊಬ್ಬ ಗುರು ಇದ್ದಳು. ಮಿಸೆಸ್ ಆಷ್‌ಬಿ, ಹೆಸರು ವಿನಿಫ್ರೆಡ್. ಎಂಬತ್ತು ದಾಟಿದ ಮುದುಕಿ, ತುದಿಗೆ ಹಿತ್ತಾಳೆ ಹಾಕಿದ ಊರುಗೋಲು, ಚಾಕುವಿನಂಥ ನಾಲಿಗೆ. ಎಲ್ವಿರಾಗೆ ಅವಳೆಂದರೆ ಪ್ರಾಣ. ತಾಯಿಯನ್ನು ಎಳವೆಯಲ್ಲೇ ಕಳಕೊಂಡವಳು; ದಿನಾ ಬೆಳಿಗ್ಗೆ ಆ ಬಿಳಿ ಕೂದಲು ಬಾಚುವಾಗ ಅವಳ ಕೈ ಬೇಕೆಂದೇ ನಿಧಾನವಾಗುತ್ತಿತ್ತು.

“ನನ್ನ ಮಗಳು ಜೂಡಿತ್ ಕಮ್ ರೌಂಡ್ ಮಾಡೋದೇ ಇಲ್ಲ,” ಎಂದು ಒಮ್ಮೆ ಮುದುಕಿ ಹೇಳಿದ್ದಳು.

“ಅಂದ್ರೆ ಸುತ್ತು ಬರೋದಾ ಅಮ್ಮ?”

“ಅಲ್ಲ ಕಣೇ. ಹಾಗೇ ಸುಮ್ನೆ ಬಂದು ನೋಡ್ಕೊಂಡು ಹೋಗೋದು. ಅವಳು ಲೀಡ್ಸ್‌ನಲ್ಲಿ ಕೂತು ಫೋನಲ್ಲೇ ಪ್ರೀತಿ ಕಳಿಸ್ತಾಳೆ.” ನಗುತ್ತಲೇ ಹೇಳಿದಳು, ಆದರೆ ಆ ಇಡೀ ದಿನ ಬಾಗಿಲ ಕಡೆ ನೋಡುತ್ತಿದ್ದಳು.

ಮುಂದಿನ ಮಂಗಳವಾರ ಮೇಷ್ಟ್ರು ಅದೇ ‘ಕಮ್ ರೌಂಡ್’ ತೆಗೆದು, ಎಚ್ಚರ ತಪ್ಪಿದವರು ಮತ್ತೆ ಕಣ್ಣು ಬಿಡುವುದಕ್ಕೂ ಅದನ್ನೇ ಅನ್ನುತ್ತಾರೆ ಎಂದರು. ಒಂದೇ ಬಾಲಕ್ಕೆ ಎರಡು ಅರ್ಥವೇ ಎಂದು ಎಲ್ವಿರಾ ಸಿಡುಕಿದಳು. ಮೇಷ್ಟ್ರು, “ಹೋದ ಎಚ್ಚರಾನೂ ನೆಂಟರ ಹಾಗೇ ತಾನೆ, ಮನಸ್ಸು ಬಂದ್ರೆ ಬರುತ್ತೆ,” ಎಂದು ಹೆಗಲು ಕುಣಿಸಿದರು.

ಅದು ಆಗಸ್ಟಿನ ಮಟಮಟ ಮಧ್ಯಾಹ್ನ. ಊಟ ಮುಗಿಸಿ, ಕಿಟಕಿ ಪರದೆಗಳನ್ನು ನೆಲದವರೆಗೂ ಇಳಿಸಿ ಊರಿಗೆ ಊರೇ ಮಲಗಿತ್ತು. ನಾಯಿಯೂ ಬೊಗಳದ ಹೊತ್ತು. ಅಡುಗೆಯ ವಿಸೆಂತಾ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದಳು. ಮಿಸೆಸ್ ಆಷ್‌ಬಿ ಟೀ ಕಪ್ಪು ಎತ್ತಿದವಳು ಹಾಗೇ ಬಿಳಿಚಿಕೊಂಡು ವಾಲಿದಳು. ಎಲ್ವಿರಾ ಹಿಡಿದು ಹಾಸಿಗೆಗೆ ಮಲಗಿಸಿದಳು, ಕಾಲ ಕೆಳಗೆ ದಿಂಬು ಕೊಟ್ಟಳು. ಉಸಿರು ಆಡುತ್ತಿತ್ತು, ನಾಡಿ ಓಡುತ್ತಿತ್ತು. ಬಿಸಿಲಿಗೆ ಎಚ್ಚರ ತಪ್ಪಿದೆ, ಅಷ್ಟೆ. ಡಾಕ್ಟರಿಗೆ ಹೇಳಿಯಾಯಿತು. ಏನೇ ಆದರೂ ಮನೆಯವರಿಗೆ ತಿಳಿಸಬೇಕೆಂಬುದು ಆಶ್ರಮದ ಕಟ್ಟಳೆ. ಹಾಸಿಗೆಯ ಪಕ್ಕದಲ್ಲೇ ನಿಂತು ಲೀಡ್ಸ್‌ಗೆ ಫೋನ್ ಮಾಡಿದಳು.

“ನಿಮ್ಮ ತಾಯಿ... ಪಾಸ್ಡ್...”

“ಪಾಸ್ಡ್ ಏನು? ಹೇಳಿ!”

ಅವಸರದಲ್ಲಿ ಕೈಗೆ ಸಿಕ್ಕ ಡಬ್ಬಿ ತೆರೆದ ಹಾಗೆ ನಾಲಿಗೆಗೆ ಸಿಕ್ಕ ಬಾಲ ಕಟ್ಟಿದಳು. “ಅವೇ.”

ಆ ಕಡೆಯಿಂದ ಕರುಳು ಕಿತ್ತು ಬರುವಂಥ ಅಳು, ಆಮೇಲೆ ಫೋನ್ ಕಟ್ಟಾಯಿತು. ಅಯ್ಯೋ, ಇಷ್ಟಕ್ಕೆ ಯಾಕೆ ಅಳುತ್ತಾಳೆ ಎಂದುಕೊಂಡ ಗಳಿಗೆಯಲ್ಲೇ ಎಲ್ವಿರಾಗೆ ತಾನು ಆಡಿದ್ದು ಏನೆಂದು ಹೊಳೆಯಿತು. ತಿರುಗಿ ನೋಡಿದಳು. ಮುದುಕಿಯ ಎದೆ ಏರಿಳಿಯುತ್ತಿರಲಿಲ್ಲ.

ಕೈ ಮಾತ್ರ ಬೆಚ್ಚಗಿತ್ತು. ಮಂಚದ ಕಂಬಿಗೆ ನೇತುಹಾಕಿದ್ದ ಊರುಗೋಲು ಅಲ್ಲಿರಲಿಲ್ಲ. ಹೊರಗೆ ಮೊಗಸಾಲೆಯಲ್ಲಿ ಹಿತ್ತಾಳೆಯ ತುದಿ ನೆಲಕ್ಕೆ ತಾಗುವ ಸದ್ದು. ಟಕ್, ಟಕ್. ಅವಸರವಿಲ್ಲದೆ ದೂರ ಹೋಗುತ್ತಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಮಾತು ಹೋಗಿರಲಿಲ್ಲ, ಮುದುಕಿಯನ್ನೇ ಕರೆದುಕೊಂಡು ಹೊರಟಿತ್ತು. ಎಲ್ವಿರಾ ಮೊಗಸಾಲೆಗೆ ಓಡಿದಳು. ಯಾರೂ ಇಲ್ಲ. ಸದ್ದು ಮಾತ್ರ ತೋಟದ ಬಾಗಿಲ ಕಡೆ ನಡೆಯುತ್ತಿತ್ತು.

“ಅಮ್ಮಾ, ವಾಪಸ್ ಬನ್ನಿ!” ಎಂದು ಸ್ಪ್ಯಾನಿಷಿನಲ್ಲೇ ಕೂಗಿದಳು. ಸದ್ದು ಕಿವಿಗೊಡಲಿಲ್ಲ. ಅರ್ಥವಾದರಲ್ಲವೆ ಕಿವಿಗೊಡುವುದು?

ನಮ್ಮವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತು ‘ವೇಂಗಾ’. ಏಳು, ಬಾ, ಆಗಲಿ, ನಡಿ, ಎಲ್ಲಕ್ಕೂ ಅದೇ. ಅದನ್ನೇ ಇಂಗ್ಲಿಷ್ ಮಾಡಿ ಎಲ್ವಿರಾ ಆ ಮುದುಕರನ್ನೆಲ್ಲ ‘ಕಮ್ ಆನ್, ಕಮ್ ಆನ್’ ಎಂದು ನಡೆಸುತ್ತಿದ್ದಳು. ಈಗಲೂ ಅದೇ ಬಾಯಿಗೆ ಬಂತು.

“ಕಮ್ ಆನ್, ಅಮ್ಮಾ! ಕಮ್ ಆನ್!”

ಊರುಗೋಲು ಬೇಗ ಬೇಗ ಮುಂದಕ್ಕೆ ಹೆಜ್ಜೆ ಹಾಕತೊಡಗಿತು. ಪಾಪ, ಅಷ್ಟು ವಿಧೇಯ ಮುದುಕಿ.

“ಅಲ್ಲ, ಅಲ್ಲ! ಕಮ್ ಬ್ಯಾಕ್!”

ತೋಟದ ಗಾಜಿನ ಬಾಗಿಲ ಹತ್ತಿರ ಸದ್ದು ನಿಂತಿತು. ತಿರುಗಿತು. ಟಕ್, ಟಕ್ ಎಂದು ಈ ಕಡೆ ಬರತೊಡಗಿತು. ಎಲ್ವಿರಾ ದೇವರನ್ನು ನೆನೆಯಬೇಕು ಅನ್ನುವಷ್ಟರಲ್ಲಿ ಅದರ ಹಿಂದೆ ಇನ್ನೊಂದು ಸದ್ದು ಕೇಳಿಸಿತು. ಎಡಗಾಲು ಎಳೆದು ಹಾಕುವ ಚಪ್ಪಲಿಯ ಸದ್ದು. ಅದು ಮಿಸ್ಟರ್ ಕ್ರೌಥರ್. ಹೋದ ಚಳಿಗಾಲದಲ್ಲಿ ಅವರ ಕಣ್ಣು ಮುಚ್ಚಿದವಳು ಇವಳೇ. ಅದರ ಹಿಂದೆ ಎಣ್ಣೆ ಕಾಣದ ಚಕ್ರದ ಕೀಚಲು, ಮಿಸ್ ಪೆಲ್ ತಳ್ಳಿಕೊಂಡು ನಡೆಯುತ್ತಿದ್ದ ಗಾಡಿ. ಇನ್ನೂ ಹಿಂದೆ ಕೋಲುಗಳು, ಕೆಮ್ಮು, ಚಪ್ಪಲಿಗಳು. ಹೆಸರು ಹಿಡಿಯದೆ ಕರೆದರೆ ಕೇಳಿಸಿಕೊಂಡವರೆಲ್ಲ ಬರುತ್ತಾರೆ.

ಅವಳು ಕೋಣೆಗೆ ಓಡಿ ಮುದುಕಿಯ ಕೈ ಹಿಡಿದುಕೊಂಡಳು. ಆ ಕೈ ಆರತೊಡಗಿತ್ತು. ಸದ್ದುಗಳೆಲ್ಲ ತೆರೆದ ಬಾಗಿಲಲ್ಲಿ ನಿಂತವು. ಒಳ್ಳೆಯ ಮನೆತನದವರು, ಕರೆಯದೆ ಹೊಸಿಲು ದಾಟುವವರಲ್ಲ. ಹಿತ್ತಾಳೆಯ ಕೋಲೊಂದೇ ಒಳಗೆ ಬಂದು ಮಂಚದ ಕಾಲ ಬಳಿ ಕಾಯಿತು. ಇನ್ನೊಂದು ಬಾಲ ತಪ್ಪಿದರೆ ಕಥೆ ಮುಗಿಯಿತು. ಎಲ್ವಿರಾ ಎಂದೂ ಕರೆಯದ ಹೆಸರು ಹಿಡಿದು, ಕಿವಿಯ ಹತ್ತಿರ, ಅಳುತ್ತ ಹೇಳಿದಳು.

“ಕಮ್ ರೌಂಡ್, ವಿನ್ನಿ. ಕಮ್ ರೌಂಡ್.”

ಬಿಕ್ಕಳಿಕೆಯಂಥ ಒಂದು ಉಸಿರು ಬಂತು. ಅದರ ಹಿಂದೆ ಇನ್ನೊಂದು. ಮುದುಕಿ ಕಣ್ಣು ಬಿಟ್ಟಳು. ಊರುಗೋಲು ಕಂಬಿಯ ಮೇಲೆ ತೂಗುತ್ತಿತ್ತು.

“ಟೀ ಆರಿಹೋಯ್ತಾ?” ಎಂದಳು. ಆಮೇಲೆ ಎಲ್ವಿರಾಳ ಹೆಗಲಾಚೆ ನೋಡಿ, “ಯಾರೇ ಅದು ಬಾಗಿಲಲ್ಲಿ, ಅಷ್ಟೊಂದು ಜನ?” ಎಂದು ಕೇಳಿದಳು.

ಎಲ್ವಿರಾ ತಿರುಗಲಿಲ್ಲ. ಚಕ್ರದ ಕೀಚಲು ನಿಧಾನವಾಗಿ ಹಿಂದಕ್ಕೆ ಸರಿಯಿತು. ಚಪ್ಪಲಿಗಳು ಹೊರಟವು. ಎದೆಯ ಮೇಲಿನ ಬಂಡೆ ಇಳಿದಂತಾಗಿ, ಹುಟ್ಟಿದಾರಭ್ಯ ಹೊರಟವರಿಗೆಲ್ಲ ಹೇಳುತ್ತ ಬಂದ ಮಾತು ತನ್ನಷ್ಟಕ್ಕೆ ಅವಳ ಬಾಯಿಂದ ಜಾರಿತು.

“ಆಸ್ತ ಲುವೆಗೊ.”

ಕೀಚಲು ನಿಂತಿತು. ಅವರಿಗೆ ಗೊತ್ತಿದ್ದ ನಮ್ಮ ಮಾತೇ ಮೂರು, ಅದರಲ್ಲಿ ಇದೊಂದು. ಮೊಗಸಾಲೆಯಿಂದ ಮುದಿ ದನಿಗಳು, ಉಚ್ಚಾರ ಕೆಡಿಸಿಕೊಂಡು, ಒಂದರ ಹಿಂದೊಂದು ಬಲು ಮರ್ಯಾದೆಯಿಂದ ಹೇಳಿದವು. ಆಸ್ತ ಲುವೆಗೊ. ಆಸ್ತ ಲುವೆಗೊ.

ಡಾಕ್ಟರು ಬಂದು, ಬಿಸಿಲು, ನೀರು ಕುಡಿಸಿ ಎಂದು ಹೋದರು. ಎಲ್ವಿರಾ ಜೂಡಿತ್‌ಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತುವವರಿಲ್ಲ. “ಬೆಂಕಿ ಹಾಕು ನಿನ್ನ ಇಂಗ್ಲಿಷಿಗೆ!” ಎಂದು ವಿಸೆಂತಾ ತಲೆ ಚಚ್ಚಿಕೊಂಡಳು.

ಮರುದಿನ ಊಟದ ಹೊತ್ತಿಗೆ ಜೂಡಿತ್ ಕರಿ ಬಟ್ಟೆ ಉಟ್ಟು, ಬಿಳಿ ಹೂ ಹಿಡಿದು ಬಂದಳು. ತಾಯಿ ದಿಂಬಿಗೆ ಒರಗಿ ಅನ್ನ ತಿನ್ನುತ್ತಿದ್ದಳು. ಹೂ ನೆಲಕ್ಕೆ ಬಿತ್ತು. ಮಗಳು ತಾಯಿಯ ಮಡಿಲಲ್ಲಿ ಮುಖವಿಟ್ಟು ಮಕ್ಕಳ ಹಾಗೆ ಅತ್ತಳು, ಆಮೇಲೆ ಎದ್ದು ಎಲ್ವಿರಾಳನ್ನು ಸುಡುವಂತೆ ನೋಡಿದಳು.

“ಅವಳನ್ನ ಏನೂ ಅನ್ಬೇಡ,” ಎಂದಳು ಮಿಸೆಸ್ ಆಷ್‌ಬಿ. “ನಾನು ಬದುಕಿದ್ದೀನಿ ಅಂದಿದ್ರೆ ನೀನು ಬರ್ತಿದ್ಯಾ?”

ಜೂಡಿತ್ ಮತ್ತೆ ಮಂಚದ ಅಂಚಿಗೆ ಕೂತಳು. ತಾಯಿಯ ಕೈ ಹಿಡಿದವಳು ಬಿಡಲಿಲ್ಲ. ಎಲ್ವಿರಾಗೆ ಸಂತೋಷಕ್ಕೆ ಕಣ್ಣು ತುಂಬಿ ಬಂತು. ತಪ್ಪು ಬಾಲದಿಂದಲೂ ಒಂದು ಒಳ್ಳೆಯದಾಯಿತು ಎಂದುಕೊಂಡು ಕೋಣೆಯ ಬಾಗಿಲನ್ನು ಭದ್ರವಾಗಿ ಮುಚ್ಚಿದಳು.

ಮಧ್ಯಾಹ್ನ ಇಳಿಯಿತು. ಊರು ಪರದೆ ಇಳಿಸಿ ಮಲಗಿತು. “ಎಲ್ವಿರಾ, ಇನ್ನಷ್ಟು ಕಪ್ಪು ಇಡು,” ಎಂದಳು ಮುದುಕಿ.

“ಯಾರು ಬರ್ತಾರಮ್ಮಾ?” ಎಂದಳು ಮಗಳು.

“ಯಾರ ಮಕ್ಕಳು ನೋಡೋಕೆ ಬರಲ್ವೋ ಅವರು.”

ಮೊಗಸಾಲೆಯಲ್ಲಿ ಚಕ್ರವೊಂದು ಕೀಚಲಿಟ್ಟಿತು. ಚಪ್ಪಲಿಯೊಂದು ಎಡಗಾಲು ಎಳೆಯಿತು. ಮೆಲ್ಲಗೆ, ಬಲು ಮೆಲ್ಲಗೆ, ಯಾರೋ ಕೋಲಿನಿಂದ ಬಾಗಿಲು ತಟ್ಟಿದರು. ಎಲ್ವಿರಾ ಕೈಯಲ್ಲಿದ್ದ ತಟ್ಟೆ ಬಿಟ್ಟು, ಬೇಡ ಬೇಡ ಎನ್ನುತ್ತ ಜೂಡಿತ್‌ಳ ಬಾಯಿ ಮುಚ್ಚಲು ಓಡಿದಳು. ಅದೂ ಸ್ಪ್ಯಾನಿಷಿನಲ್ಲಿ. ಆದರೆ ಬಾಗಿಲು ತಟ್ಟಿದ ಮೇಲೆ ಸುಮ್ಮನಿರುವುದು ಇಂಗ್ಲಿಷರ ಜಾಯಮಾನದಲ್ಲೇ ಇಲ್ಲ. ಒಳ್ಳೆಯ ಮನೆಯಲ್ಲಿ ಬೆಳೆದ ಆ ಹೆಣ್ಣುಮಗಳು ಆಗಲೇ ಬಾಯಿ ತುಂಬ ಹೇಳಿಯಾಗಿತ್ತು.

“ಕಮ್ ಇನ್.”

ಆ ಬಾಲದ ಅರ್ಥ ಎಲ್ವಿರಾಗೆ ಮೊದಲ ಪಾಠದಿಂದಲೇ ಗೊತ್ತಿತ್ತು.